ಭೂಪಟದ ಮೇಷ್ಟ್ರ ನಾಲ್ಕು ಸಂಪುಟ

ನಮ್ಮ ಮನೆಗೆ ಇರುವುದು ಮೂರೇ ಕೋಣೆ. ಒಂದು ಅಡುಗೆಗೆ, ಒಂದು ನಮ್ಮಿಬ್ಬರಿಗೆ ಮಲಗಲಿಕ್ಕೆ, ಇನ್ನೊಂದು ಸತ್ತವರಿಗೆ. ಹೆದರಬೇಡಿ, ದೆವ್ವದ ಕತೆ ಹೇಳುವಷ್ಟು ತ್ರಾಣ ನನಗಿಲ್ಲ. ನಾನು ಹೇಳುತ್ತಿರುವುದು ಹಳೆ ಪುಸ್ತಕಗಳ ವಿಷಯ.

ನಮ್ಮ ಯಜಮಾನರು ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಸರಿಯಿವೆಯೇ ಎಂದು ತಪಾಸಣೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಕುಡಿತ ಇಲ್ಲ, ಇಸ್ಪೀಟು ಇಲ್ಲ ಎಂದು ಊರೆಲ್ಲ ವಿಚಾರಿಸಿ ನಮ್ಮಪ್ಪ ನನ್ನನ್ನು ಕೊಟ್ಟರು. ಪುಸ್ತಕದ ಹುಚ್ಚು ಇದೆಯೇ ಎಂದು ಕೇಳಬೇಕೆಂದು ಪಾಪ ಅವರಿಗೇನು ಗೊತ್ತು? ಮದುವೆಯಾಗಿ ಬಂದಾಗ ಒಂದು ಕಪಾಟಿತ್ತು. ಆಮೇಲೆ ಗೋಡೆಗಳು ಒಂದೊಂದಾಗಿ ಕಾಣೆಯಾದವು. ಅವರು ಕಂಕುಳಲ್ಲಿ ಹೊಸದೊಂದು ಹಳೆ ಪುಸ್ತಕ ಇಟ್ಟುಕೊಂಡು ಬಾಗಿಲಿಗೆ ಬರುವುದು, "ಇನ್ನು ನನ್ನ ತಲೆ ಮೇಲೆ ಇಡಿ" ಎಂದು ನಾನು ರೇಗುವುದು, ಅವರು ಕಿವಿ ಕೇಳದವರಂತೆ ಒಳಗೆ ಹೋಗುವುದು. ನಮ್ಮ ದಾಂಪತ್ಯ ಅಂದರೆ ಹೆಚ್ಚುಕಡಿಮೆ ಇಷ್ಟೆ.

ಪುಟ ತಿರುವುವ ಮುನ್ನ ಕೈ ತೊಳೆದು, ಒರೆಸಿ, ಗಾಳಿಗೆ ಹಿಡಿದು ಒಣಗಿಸಿಕೊಳ್ಳುವ ಮನುಷ್ಯ. ಊಟಕ್ಕೆ ಕೂರುವ ಮುನ್ನ ಅಷ್ಟು ಶ್ರದ್ಧೆಯಿಂದ ಕೈ ತೊಳೆದದ್ದನ್ನು ನಾನಂತೂ ಕಂಡಿಲ್ಲ. ಒಂದು ಸಲ ಯಾವುದೋ ಪುಸ್ತಕದ ಮೇಲೆ ಚಹಾದ ಲೋಟ ಇಟ್ಟೆ ಎಂದು ವಾರವಿಡೀ ನನ್ನೊಡನೆ ಮಾತು ಬಿಟ್ಟಿದ್ದರು. ಆ ವಾರ ಮನೆ ಎಷ್ಟು ತಣ್ಣಗಿತ್ತೆಂದರೆ, ಇನ್ನೊಂದು ಲೋಟ ಇಡೋಣವೇ ಅನ್ನಿಸಿತ್ತು.

ಇಂಥವರು ನಮ್ಮ ಪೇಟೆಯಲ್ಲಿ ಇನ್ನೂ ಕೆಲವರಿದ್ದಾರೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರಣ್ಣ, ಹಲ್ಲಿನ ಡಾಕ್ಟರು, ಕೋರ್ಟಿನಲ್ಲಿ ಬೆರಳಚ್ಚು ಮಾಡಿ ನಿವೃತ್ತಳಾದ ಟೈಪಿಸ್ಟಮ್ಮ. ಪ್ರತಿ ಭಾನುವಾರ ಬೈಂಡರಣ್ಣನ ಅಂಗಡಿಯಲ್ಲಿ ಸೇರಿ, ಯಾವುದೋ ಪುಸ್ತಕದ ಮೊದಲ ಮುದ್ರಣ ಯಾರ ಬಳಿ ಇದೆ, ಯಾರದ್ದಕ್ಕೆ ಗೆದ್ದಲು ಹಿಡಿಯಿತು ಎಂದು ಮಾತಾಡುತ್ತಾ ಕೂರುತ್ತಾರೆ. ಅವರಿಗೆ ನಾನಿಟ್ಟ ಹೆಸರು ಭಾನುವಾರದವರು. ಜನ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು, ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು.

ಇವರಲ್ಲಿ ಒಂದು ಕಟ್ಟುಪಾಡು ಇದೆ. ತಮ್ಮಲ್ಲಿ ಯಾರಾದರೂ ಸತ್ತರೆ, ಮಕ್ಕಳು ಗುಜರಿಯವನನ್ನು ಕರೆಯುವ ಮೊದಲೇ ಉಳಿದವರು ಹೋಗಿ ಇಡೀ ಸಂಗ್ರಹವನ್ನು ಎತ್ತಿಕೊಂಡು ಬರಬೇಕು. ಹಂಚಿಕೊಳ್ಳುವಂತಿಲ್ಲ, ಬಿಡಿಬಿಡಿಯಾಗಿ ಮಾರುವಂತಿಲ್ಲ. ಒಬ್ಬ ಮನುಷ್ಯ ಆಯುಸ್ಸೆಲ್ಲ ಸವೆಸಿ ಒಂದು ಕಡೆ ಕೂಡಿಸಿದ್ದು ಒಂದೇ ಕಡೆ ಇರಬೇಕು. "ಒಡೆಯಬಾರದು" ಎನ್ನುತ್ತಾರೆ. ಸರಿ, ಎಲ್ಲಿಡಬೇಕು? ಯಾರ ಮನೆಯಲ್ಲಿ ಜಾಗ ಇದೆಯೋ ಅಲ್ಲಿ. ಯಾರ ಮನೆಯಲ್ಲಿ ಜಾಗ ಇತ್ತು? ನಮ್ಮ ಮನೆಯಲ್ಲಿ. ಆ ಮೂರನೆಯ ಕೋಣೆಯನ್ನು ನಾವು ಮಕ್ಕಳಿಗೆಂದು ಇಟ್ಟುಕೊಂಡಿದ್ದೆವು. ಮಕ್ಕಳಾಗಲಿಲ್ಲ. ಅದನ್ನು ಅಲ್ಲಿಗೇ ಬಿಡೋಣ.

ಮೊದಲು ಬಂದವರು ಭೂಪಟದ ಮೇಷ್ಟ್ರು. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು, ಹಳೆಯ ಭೂಪಟಗಳನ್ನು ಕೂಡಿಹಾಕುತ್ತಿದ್ದರು. ಅವರ ಸಂಗ್ರಹದಲ್ಲಿ ನಾಲ್ಕು ಸಂಪುಟಗಳ ಒಂದು ದೊಡ್ಡ ಭೂಪಟ-ಪುಸ್ತಕ ಇದೆ. ಒಂದೊಂದೂ ಕಿಟಕಿಯ ಬಾಗಿಲಷ್ಟು ಅಗಲ, ನಾಲ್ಕನ್ನೂ ಒಟ್ಟಿಗೆ ಎತ್ತಬೇಕೆಂದರೆ ಎರಡು ಕೈಯಲ್ಲಿ ತಬ್ಬಬೇಕು. ಗಡಿಗಳಿಗೆ ಕೈಯಲ್ಲೇ ಬಣ್ಣ ತುಂಬಿದ್ದಾರೆ. ಅದರಲ್ಲಿರುವ ಎಷ್ಟೋ ದೇಶಗಳು ಈಗ ಇಲ್ಲವಂತೆ. ಇಡೀ ಸೆಟ್ಟು ಹೀಗೆ ಪೂರ್ತಿಯಾಗಿ ಉಳಿದಿರುವುದು ತೀರಾ ಅಪರೂಪವೆಂದು ಬೈಂಡರಣ್ಣ ಒಂದು ಬೇಸಗೆಯೆಲ್ಲ ಕೂತು ಅವಕ್ಕೆ ದಪ್ಪ ರಟ್ಟು, ಗಟ್ಟಿ ಬಟ್ಟೆ ಹಾಕಿ ಕಟ್ಟಿದ್ದ. ಸಾಯುವ ಮುನ್ನ ಮೇಷ್ಟ್ರು ನಮ್ಮ ಯಜಮಾನರ ಕೈ ಹಿಡಿದು, ಒಡೆಯುವುದಿಲ್ಲ ಎಂದು ಮಾತು ತೆಗೆದುಕೊಂಡರು. ಅವರ ಪುಸ್ತಕಗಳು ಕೈಗಾಡಿಯಲ್ಲಿ ನಮ್ಮ ಮನೆಗೆ ಬಂದವು. ಆಮೇಲೆ ಔಷಧಿ ಅಂಗಡಿಯವರು ಬಂದರು. ಆಮೇಲೆ ಗಡಿಯಾರ ರಿಪೇರಿಯವರು. ಒಬ್ಬೊಬ್ಬರು ಸತ್ತಾಗಲೂ ನನಗೆ ದುಃಖವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ದುಃಖದ ಬೆನ್ನಿಗೇ ಕೈಗಾಡಿಯ ಸದ್ದು ಕೇಳಿಸಿದರೆ ಯಾರಿಗೆ ತಾನೇ ಸಾಕಾಗುವುದಿಲ್ಲ?

ಈ ವರ್ಷ ನನ್ನ ತಂಗಿ ಬಿದ್ದಳು. ಬಟ್ಟೆ ಹೊಲಿದು ಜೀವನ ಮಾಡುವವಳು, ಒಂಟಿ. ಮೇಲಿನ ಮಹಡಿಯ ಬಾಡಿಗೆ ಮನೆ. ಹೊಲಿದ ಬಟ್ಟೆಯ ಗಂಟು ಹೊತ್ತು ಇಳಿಯುವಾಗ ಕಾಲು ತಪ್ಪಿ ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು. ಇನ್ನು ಮಹಡಿ ಹತ್ತುವ ಮಾತೇ ಇಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಅವಳಿಗೆ ನನ್ನನ್ನು ಬಿಟ್ಟರೆ ಯಾರಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವಳನ್ನು ಬಿಟ್ಟರೆ ಯಾರಿಲ್ಲ. ಯಜಮಾನರು ಇದ್ದಾರೆ, ಆದರೆ ಅವರು ಇರುವುದು ಪುಸ್ತಕದ ಹಿಂದೆ.

"ನನ್ನನ್ನ ಯಾವ್ದಾದ್ರೂ ಆಶ್ರಮಕ್ಕೆ ಹಾಕ್ಬಿಡಕ್ಕ," ಎಂದಳು ಆಸ್ಪತ್ರೆಯ ಮಂಚದಲ್ಲಿ. "ಇಲ್ಲೇ ಹತ್ತಿರದಲ್ಲಿ ಒಂದಿದೆಯಂತೆ, ನರ್ಸಮ್ಮ ಹೇಳಿದ್ರು. ಮಾತಾಡಿ ಇಟ್ಟಿದ್ದೀನಿ."

"ಬಾಯ್ಮುಚ್ಚು. ನನ್ನ ಮನೆ ಇಲ್ವಾ?"

"ನಿನ್ನ ಮನೆ ಎಲ್ಲಿದೆ? ಅದು ಪುಸ್ತಕದ ಮನೆ. ನೀನೇ ಅಲ್ಲಿ ಬಾಡಿಗೆಗಿದ್ದೀಯ."

"ಕೋಣೆ ಖಾಲಿ ಮಾಡಿಸ್ತೀನಿ ಕಣೆ."

"ನೋಡು, ಹೋದ ಸಲ ಬಂದಾಗ ಆ ರಾಶಿ ಬಿದ್ದು ನನ್ನ ಕಾಲ್ಬೆರಳು ಊದಿಕೊಂಡಿತ್ತು. ಮರೆತಿಲ್ಲ ನಾನು. ಭಾವನಿಗೆ ಮನಸ್ಸಿದ್ರೆ ಖಾಲಿ ಮಾಡ್ಲಿ. ಟ್ಯಾಕ್ಸೀಲಿ ಬಾಗಿಲಿಗೆ ಬರ್ತೀನಿ. ಆ ಕೋಣೇಲಿ ಒಂದು ಗಂಟು ಪುಸ್ತಕ ಕಂಡ್ರೂ ಇಳಿಯಲ್ಲ, ಸೀದಾ ಆಶ್ರಮಕ್ಕೆ ಹೋಗ್ತೀನಿ. ಯಾರದೋ ಸಂದೀಲಿ ಮುದುರಿಕೊಂಡು ಮಲಗೋ ವಯಸ್ಸಲ್ಲ ನಂದು."

ಹೇಳಿದ್ದನ್ನು ಮಾಡುವವಳೇ. ಹಠದಲ್ಲಿ ನಾವಿಬ್ಬರೂ ನಮ್ಮಮ್ಮನ ಮಕ್ಕಳು.

ಯಜಮಾನರಿಗೆ ಹೇಳಬೇಕಲ್ಲ ಎಂದು ಎದೆ ಗಟ್ಟಿ ಮಾಡಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ. ಅವರು ಎಲ್ಲವನ್ನೂ ಕೇಳಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಎರಡು ದಿನ ತುಟಿ ಬಿಚ್ಚಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, "ಈ ಸಲದ ಮಾರಾಟಕ್ಕೆ ಕೊಟ್ಬಿಡೋಣ," ಎಂದರು.

"ಏನನ್ನ?"

"ಕೋಣೇಲಿರೋದನ್ನ."

"ಎಲ್ಲಾನೂ?"

"ಎಲ್ಲಾನೂ."

ಜಗಳಕ್ಕೆ ಸೆರಗು ಬಿಗಿದು ನಿಂತವಳಿಗೆ ಎದುರಾಳಿಯೇ ಇಲ್ಲ ಅಂದರೆ ಹೇಗಾಗಬೇಡ! ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅವರ ಹಣೆ ಮುಟ್ಟಿ ನೋಡಿದೆ. ಬಿಸಿ ಇರಲಿಲ್ಲ. "ನಿಮ್ಮ ಭಾನುವಾರದವರಿಗೆ ಹೇಳಿದ್ರಾ?" ಎಂದರೆ, "ಹೇಳ್ತೀನಿ, ಹೇಳ್ತೀನಿ," ಎಂದು ಎದ್ದು ಹೋದರು. ಹೇಳಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಕಟ್ಟುಪಾಡು ಮುರಿಯುವವರು ತಾವೇ ಎಂದು ಹೇಳಲು ನಾಲಿಗೆ ಏಳಲಿಲ್ಲವಂತೆ. ಆ ಭಾನುವಾರ ಅಂಗಡಿಗೂ ಹೋಗದೆ ತಲೆನೋವೆಂದು ಮುಸುಕು ಹಾಕಿ ಮಲಗಿದ್ದರು. ಅವರ ಮೌನದಿಂದ ನನಗೆ ಆದಷ್ಟು ಕಷ್ಟ ಇನ್ನಾರ ಮಾತಿನಿಂದಲೂ ಆಗಿಲ್ಲ.

ನಮ್ಮ ಪೇಟೆಯ ಗ್ರಂಥಾಲಯದ ಚಾವಣಿ ಸೋರುತ್ತದೆ. ಅದರ ರಿಪೇರಿಗೆಂದು ಪ್ರತಿ ವರ್ಷ ಸಮುದಾಯ ಭವನದಲ್ಲಿ ಹಳೆ ಪುಸ್ತಕಗಳ ಮಾರಾಟ ನಡೆಯುತ್ತದೆ. ಚಾವಣಿ ಈಗಲೂ ಸೋರುತ್ತದೆ, ಆ ಮಾತು ಬೇರೆ. ಜನ ತಮಗೆ ಬೇಡವಾದದ್ದನ್ನು ತಂದು ಕೊಡುತ್ತಾರೆ, ನಾವು ಕೆಲವು ಹೆಂಗಸರು ಧೂಳು ಒರೆಸಿ, ವಿಂಗಡಿಸಿ, ಉದ್ದದ ಮೇಜುಗಳ ಮೇಲೆ ಜೋಡಿಸುತ್ತೇವೆ. ಬೇರೆ ವರ್ಷ ಯಜಮಾನರು ಬಾಗಿಲು ತೆರೆಯುವ ಮೊದಲೇ ಬಂದು ನಿಂತಿರುತ್ತಿದ್ದರು, ನಾನು ಅವರು ಕೊಳ್ಳದಂತೆ ಕಾಯುತ್ತಿದ್ದೆ. ಈ ವರ್ಷ ಅವರು ಬರಲಿಲ್ಲ. ಅವರ ಪುಸ್ತಕಗಳು ವ್ಯಾನಿನಲ್ಲಿ ಬಂದವು. ಇಳಿಸಿ ಇಳಿಸಿ ನನ್ನ ಬೆನ್ನು ಕಳಚಿ ಬಿತ್ತು.

ಶನಿವಾರ ಮಾರಾಟ ಶುರುವಾಯಿತು. ಮೊದಲು ಒಳಗೆ ಬಂದವನು ಬೈಂಡರಣ್ಣ. ನಮ್ಮ ಮೇಜಿನ ಮುಂದೆ ನಿಂತು, ಮೇಷ್ಟ್ರ ಭೂಪಟಗಳ ಬೆನ್ನ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿದ. ತಿರುಗಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಹಲ್ಲಿನ ಡಾಕ್ಟರನ್ನೂ ಟೈಪಿಸ್ಟಮ್ಮನನ್ನೂ ಕರೆದುಕೊಂಡು ಬಂದ. ಮೂವರೂ ಸಾವಿನ ಮನೆಗೆ ಬಂದವರಂತೆ ಮುಖ ಮಾಡಿಕೊಂಡು, ಮೇಜಿನ ಒಂದು ತುದಿಯಿಂದ ಹಿಡಿದು ಎತ್ತಿಕೊಳ್ಳತೊಡಗಿದರು. ಒಂದೊಂದಕ್ಕೂ ದುಡ್ಡು ಎಣಿಸಿ ಕೊಟ್ಟರು, ಒಂದನ್ನೂ ಬಿಡಲಿಲ್ಲ. ಬೇರೆ ಯಾರಾದರೂ ಒಂದು ಪುಸ್ತಕಕ್ಕೆ ಕೈ ಹಾಕಿದರೆ, "ಅದು ಆಗ್ಲೇ ಮಾರಾಟ ಆಗಿದೆ," ಎಂದು ಡಾಕ್ಟರು ಕಿತ್ತುಕೊಳ್ಳುವರು.

ಅಬ್ಬಾ, ಎಂಥ ಹದ್ದುಗಳು, ಎಂದುಕೊಂಡೆ. ಗೆಳೆಯನ ಪುಸ್ತಕ ಬಂದಿದೆ ಎಂದ ಕೂಡಲೇ ಮುಗಿಬಿದ್ದರಲ್ಲ! ನನಗೇನು, ಖಾಲಿಯಾದರೆ ಸಾಕು. ಹುರಿಹಗ್ಗ ತಂದು ಕೊಟ್ಟವಳು ನಾನೇ, ಗಂಟು ಬಿಗಿಯಲು ಬೆರಳು ಒತ್ತಿ ಹಿಡಿದವಳೂ ನಾನೇ.

"ಯಜಮಾನರು ಹೇಗಿದ್ದಾರೆ?" ಎಂದರು ಡಾಕ್ಟರು, ತಗ್ಗಿದ ದನಿಯಲ್ಲಿ.

"ಇದ್ದಾರೆ. ಮನಸ್ಸಿಗೆ ಬೇಜಾರು ಮಾಡ್ಕೊಂಡು ಮಲಗಿದ್ದಾರೆ."

ಟೈಪಿಸ್ಟಮ್ಮ ನನ್ನ ಕೈ ಹಿಡಿದು ಅದುಮಿದಳು. "ಧೈರ್ಯವಾಗಿರಮ್ಮ. ನಾವೆಲ್ಲ ಇದ್ದೀವಿ." ತಂಗಿಯ ವಿಷಯ ಯಾರಿಂದಲೋ ಕೇಳಿರಬೇಕು ಎಂದುಕೊಂಡು ನಾನೂ ಕಣ್ಣು ಒದ್ದೆ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಕೋಣೆಯನ್ನು ತೊಳೆದೆ. ಕಪಾಟುಗಳು ಕಳಚಿದ ಮೇಲೆ ಅಲ್ಲೊಂದು ಕಿಟಕಿ ಇರುವುದು ಕಂಡಿತು. ಆ ಕಿಟಕಿಯನ್ನು ನಾನು ಮರೆತೇಬಿಟ್ಟಿದ್ದೆ! ಹೊಸ ಸೊಸೆಯಾಗಿ ಬಂದಾಗ ಅದರ ಸರಳು ಹಿಡಿದು ನಿಂತು ಬೀದಿ ನೋಡುತ್ತಿದ್ದವಳು ನಾನೇ. ಬಾಗಿಲು ಕಚ್ಚಿಕೊಂಡಿತ್ತು, ಎಣ್ಣೆ ಬಿಟ್ಟು, ಗುದ್ದಿ ತೆರೆದೆ. ಬೆಳಕು ನೆಲದ ಮೇಲೆ ಬಿತ್ತು. ಅಲ್ಲೇ ಸ್ವಲ್ಪ ಹೊತ್ತು ಕೂತೆ. ಅಷ್ಟು ಸಂತೋಷ ಯಾವ ಕಾಲದಲ್ಲಿ ಆಗಿತ್ತೋ ನೆನಪಿಲ್ಲ.

ಮಂಚ ಹಾಕಿ, ಹೊಸ ಹೊದಿಕೆ ಹಾಸಿದೆ. ಯಜಮಾನರು ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದರು. ಬಾಯಲ್ಲಿ ಒಮ್ಮೆ "ಹ್ಞೂಂ" ಎಂದರು. ಕೋಣೆಯೂ "ಹ್ಞೂಂ" ಎಂದಿತು.

"ಸದ್ದು ಬರುತ್ತೆ," ಎಂದರು.

"ಮನುಷ್ಯರು ಬಂದ್ಮೇಲೆ ಸರಿ ಹೋಗುತ್ತೆ," ಎಂದೆ. "ಆ ಹೊರಗಿನ ಮೆಟ್ಟಿಲಿಗೊಂದು ಏನಾದ್ರೂ ಮಾಡಿ ರೀ. ಅವಳು ಅಷ್ಟೆತ್ತರ ಕಾಲೆತ್ತೋ ಹಾಗಿಲ್ಲ, ಅರ್ಧದಷ್ಟಾದ್ರೆ ಪರವಾಗಿಲ್ಲ ಅಂತ ನರ್ಸಮ್ಮ ನೂರು ಸಲ ಹೇಳಿದ್ದಾರೆ." ನಮ್ಮ ಮನೆ ಬಾಗಿಲಿಗೆ ಇರುವುದು ಒಂದೇ ಮೆಟ್ಟಿಲು, ಅದೂ ಮೊಣಕಾಲೆತ್ತರ. ಕಟ್ಟಿದವನು ಆವತ್ತು ಯಾರ ಮೇಲೆ ಸಿಟ್ಟಾಗಿದ್ದನೋ.

"ಮಾಡ್ತೀನಿ," ಎಂದರು. ಮಾಡಲಿಲ್ಲ. ಖಾಲಿ ಕೋಣೆಯನ್ನು ನೋಡುತ್ತಾ ಅಲ್ಲೇ ಕೂತರು.

ತಂಗಿಯ ಟ್ಯಾಕ್ಸಿ ಸಂಜೆಗೆ ಬರುವುದಿತ್ತು. ಅದಕ್ಕೂ ಮೊದಲೇ ಬೀದಿಯಲ್ಲಿ ಸದ್ದು ಕೇಳಿಸಿತು. ಕೈಗಾಡಿಯ ಸದ್ದು. ಯಾರು ಸತ್ತರಪ್ಪಾ ಈಗ, ಎಂದು ಹೊರಗೆ ಓಡಿದೆ.

ಯಾರೂ ಸತ್ತಿರಲಿಲ್ಲ. ಗಾಡಿ ತಳ್ಳುತ್ತಿದ್ದವನು ಬೈಂಡರಣ್ಣ, ಹಿಂದಿನಿಂದ ಡಾಕ್ಟರು, ಪಕ್ಕದಲ್ಲಿ ಕೊಡೆ ಹಿಡಿದ ಟೈಪಿಸ್ಟಮ್ಮ. ಗಾಡಿಯ ತುಂಬ ನಾನೇ ಕಟ್ಟಿದ ಗಂಟುಗಳು.

"ಅತ್ತಿಗೆ, ಬಾಗಿಲು ಪೂರ್ತಿ ತೆಗೀರಿ," ಎಂದ ಬೈಂಡರಣ್ಣ. ಬೆವರಿನಲ್ಲಿ ಮಿಂದಿದ್ದ, ಮುಖ ಮಾತ್ರ ಅರಳಿತ್ತು.

"ಏನಿದು?"

"ನಿಮ್ದೇ. ಒಂದೇ ಒಂದನ್ನೂ ಹೊರಗೆ ಹೋಗೋಕೆ ಬಿಟ್ಟಿಲ್ಲ, ನೋಡಿ! ಇದು ಮೊದಲ ಗಾಡಿ, ಉಳಿದಿದ್ದು ಭವನದಲ್ಲೇ ಕಟ್ಟಿಟ್ಟಿದೆ."

"ಏನೋ ಕಷ್ಟ ಬಂದಿದೆ ಅಂತ ನಮಗೆ ಅರ್ಥ ಆಯ್ತಮ್ಮ," ಎಂದರು ಡಾಕ್ಟರು. "ಇಲ್ದಿದ್ರೆ ಅವರು ಮೇಷ್ಟ್ರ ಭೂಪಟಾನ ಬೀದಿಗೆ ತರೋರಾ? ಕೇಳಿದ್ರೆ ಸಂಕೋಚ ಪಟ್ಕೋತಾರೆ ಅಂತ ಕೇಳ್ಲಿಲ್ಲ. ಸತ್ತವರಿಗೆ ಮಾಡ್ತೀವಿ, ಇರೋವಾಗ್ಲೇ ಮಾಡ್ಬಾರದಾ ಅಂದ್ಕೊಂಡ್ವಿ. ಇಟ್ಕೊಳ್ಳಿ, ಯಾವ ಹಂಗೂ ಇಲ್ಲ."

ಅಷ್ಟರಲ್ಲಿ ಬೈಂಡರಣ್ಣ ಎರಡು ಗಂಟು ಹೊತ್ತು ಒಳಗೆ ನುಗ್ಗಿಯಾಗಿತ್ತು. ಬೆಳಿಗ್ಗೆ ತೊಳೆದ ನೆಲದ ಮೇಲೆ ಅವನ ಹೆಜ್ಜೆಗಳು. ಗಂಟುಗಳನ್ನು ಮಂಚದ ಮೇಲೆ, ಹೊಸ ಹೊದಿಕೆಯ ಮೇಲೆ ಇಟ್ಟ. ಡಾಕ್ಟರು ಮತ್ತೆರಡು ತಂದರು. ಯಜಮಾನರು ಎದ್ದು ನಿಂತಿದ್ದರು. ಬೈಂಡರಣ್ಣ ಕೊನೆಗೆ ಆ ನಾಲ್ಕು ಸಂಪುಟಗಳನ್ನು ಎದೆಗವಚಿ ತಂದಾಗ, ಇವರ ಎರಡೂ ಕೈ ತಾವಾಗಿಯೇ ಮುಂದಕ್ಕೆ ಚಾಚಿದವು. ಎತ್ತಿಕೊಂಡರು. ಜಾತ್ರೆಯಲ್ಲಿ ಕಳೆದುಹೋದ ಮಗು ಸಿಕ್ಕಿದ ಹಾಗೆ ಆ ಮುಖ. ನನಗೆ ಸಂಕಟವೂ ಆಯಿತು, ಕಣ್ಣು ಕತ್ತಲಿಡುವಷ್ಟು ಸಿಟ್ಟೂ ಬಂತು.

"ಇಳ್ಸಿ ಕೆಳಗೆ!" ಎಂದು ಕಿರುಚಿದೆ. "ಎಲ್ಲಾನೂ ತಗೊಂಡು ಹೋಗಿ! ಸಂಜೆ ನನ್ನ ತಂಗಿ ಬರ್ತಿದ್ದಾಳೆ, ಸೊಂಟ ಮುರ್ಕೊಂಡು. ಈ ಕೋಣೇಲಿ ಪುಸ್ತಕ ಕಂಡ್ರೆ ಅವಳು ಟ್ಯಾಕ್ಸಿಯಿಂದ ಇಳಿಯಲ್ಲ. ಅವಳಿಗೋಸ್ಕರ ಖಾಲಿ ಮಾಡ್ಸಿದ್ದು ಕಣ್ರಪ್ಪಾ, ಕಷ್ಟಾನೂ ಇಲ್ಲ, ಮಣ್ಣೂ ಇಲ್ಲ! ಮೇಷ್ಟ್ರು ಸತ್ತು ಎಷ್ಟು ಕಾಲ ಆಯ್ತು? ಔಷಧಿ ಅಂಗಡಿಯವರು? ಗಡಿಯಾರದವರು? ಅವರಿಗೆಲ್ಲ ನನ್ನ ಮನೇಲಿ ಜಾಗ ಇದೆ. ನನ್ನ ತಂಗಿ ಇನ್ನೂ ಉಸಿರಾಡ್ತಿದ್ದಾಳಲ್ಲ, ಅದೇನಾ ಅವಳು ಮಾಡಿದ ತಪ್ಪು?"

ಕೋಣೆ ಇನ್ನೂ ಮುಕ್ಕಾಲು ಖಾಲಿ ಇದ್ದುದರಿಂದ ಕೊನೆಯ ಮಾತು ಎರಡು ಸಲ ಕೇಳಿಸಿತು.

"ಅಯ್ಯೋ ದೇವರೇ," ಎಂದಳು ಟೈಪಿಸ್ಟಮ್ಮ. ಯಜಮಾನರ ಕಡೆ ತಿರುಗಿದಳು. "ಒಂದು ಮಾತು ಹೇಳ್ಬಾರದಿತ್ತಾ ನೀವು?"

ಇವರು ನೆಲ ನೋಡುತ್ತಾ ನಿಂತಿದ್ದರು. ಭೂಪಟಗಳು ಇನ್ನೂ ಕೈಯಲ್ಲೇ.

"ಆಯ್ತು, ಆಯ್ತು. ಬೇರೆ ಕಡೆ ಇಡೋಣ," ಎಂದ ಬೈಂಡರಣ್ಣ. "ಡಾಕ್ಟ್ರೇ, ನಿಮ್ಮಲ್ಲಿ?"

"ನಮ್ಮನೆಯವಳು ನನ್ನನ್ನೇ ಹೊರಗಿಡ್ತಾಳೆ," ಎಂದರು ಡಾಕ್ಟರು. ಟೈಪಿಸ್ಟಮ್ಮನ ಮನೆ ಒಂದೇ ಕೋಣೆಯದು. ಬೈಂಡರಣ್ಣನ ಅಂಗಡಿಯ ಗೋಡೆಗೆ ನೀರು ಒಸರುತ್ತದೆ. ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಬೈಂಡರಣ್ಣ ಮೆಲ್ಲಗೆ, "ಮಂಚದ ಕೆಳಗೆ ತಳ್ಳಿದ್ರೆ? ಗೋಡೆ ಪಕ್ಕದಲ್ಲಿ ಒಂದೇ ಸಾಲು? ಅವರಿಗೆ ಕಾಣದ ಹಾಗೆ ಒಂದು ಪರದೆ..." ಎಂದ.

ನನ್ನಿಂದಾಗಲಿಲ್ಲ. ಮಂಚದ ಮೇಲೆ, ಗಂಟುಗಳ ನಡುವೆ ಕೂತುಬಿಟ್ಟೆ. ಮದುವೆಯಾದಾಗಿನಿಂದ ಬೇಡ ಬೇಡ ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ಇನ್ನೊಂದು ಸಲ ಹೇಳುವ ಶಕ್ತಿ ಇರಲಿಲ್ಲ.

"ನೀವೇ ಹೇಳಿ," ಎಂದೆ ಯಜಮಾನರಿಗೆ. "ನಾನಿನ್ನು ಹೇಳಲ್ಲ. ಇಡಿ ಅಂದ್ರೆ ಇಡ್ಲಿ. ತಂಗಿಗೆ ಫೋನು ಮಾಡಿ ಸೀದಾ ಆಶ್ರಮಕ್ಕೇ ಹೋಗು ಅಂತೀನಿ."

ಅವರು ಕಿಟಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಒಡೀರಿ," ಎಂದರು.

"ಏನು?" ಎಂದ ಬೈಂಡರಣ್ಣ.

"ಒಡೆದುಬಿಡಿ. ಬೇಕಾದ್ದನ್ನ ನೀವ್ ನೀವು ತಗೊಳ್ಳಿ. ಉಳಿದಿದ್ದು ಭವನಕ್ಕೇ ವಾಪಸ್ ಹೋಗ್ಲಿ. ಯಾರ್ ಬೇಕಾದ್ರೂ ಒಂದೊಂದೇ ಒಯ್ಲಿ."

"ಮೇಷ್ಟ್ರಿಗೆ ಕೈಹಿಡಿದು ಮಾತು ಕೊಟ್ಟಿದ್ದೀರಿ."

"ಕೊಟ್ಟಿದ್ದೆ." ಎಂದರು. "ಮೇಷ್ಟ್ರು ಬಂದು ಕೇಳಿದ್ರೆ ನಾನೇ ಉತ್ತರ ಹೇಳ್ಕೋತೀನಿ. ಈಗ ಬರ್ತಿರೋದು ನನ್ನ ನಾದಿನಿ."

ಗಂಟುಗಳು ಬಂದ ದಾರಿಯಲ್ಲೇ ಹೊರಗೆ ಹೋದವು. ಡಾಕ್ಟರು ಒಂದು ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡರು, ಆಮೇಲೆ ಏನನ್ನಿಸಿತೋ ಅದನ್ನೂ ಗಾಡಿಗೆ ಹಾಕಿದರು. ನಾನು ಹೊದಿಕೆ ಕೊಡವಿ ಮತ್ತೆ ಹಾಸಿದೆ, ನೆಲ ಒರೆಸಿದೆ. ಯಜಮಾನರು ಕೊನೆಯಲ್ಲಿ ಭೂಪಟಗಳನ್ನು ಹೊತ್ತು ಹೊರಗೆ ಹೋಗುವಷ್ಟರಲ್ಲಿ ಟ್ಯಾಕ್ಸಿ ಬಂದು ನಿಂತಿತು.

ತಂಗಿ ಕಿಟಕಿಯಿಂದ ಕತ್ತು ಚಾಚಿ ಗಾಡಿಯನ್ನು ನೋಡಿದಳು. "ಇದು ಒಳಗೆ ಹೋಗ್ತಿರೋದೋ, ಹೊರಗೆ ಬರ್ತಿರೋದೋ?"

"ಹೊರಗೆ," ಎಂದೆ. ಅವಳು ನನ್ನ ಮಾತು ನಂಬುವವಳೇ? ತೆರೆದ ಬಾಗಿಲೊಳಗೆ ಕಣ್ಣು ಕಿರಿದು ಮಾಡಿ ನೋಡಿದಳು. ಒಳಗಿನ ಮಂಚ ಕಂಡಿತು, ಅದರ ಹಿಂದೆ ಕಿಟಕಿ ಕಂಡಿತು. ಮುಖ ಸ್ವಲ್ಪ ಸಡಿಲವಾಯಿತು. ಇಳಿದಳು.

ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ಬಾಗಿಲವರೆಗೆ ಬಂದಳು. ಅಲ್ಲಿ ನಿಂತಳು. ಎದುರಿಗೆ ಆ ಮೆಟ್ಟಿಲು. ನಾನು ಹಣೆ ಚಚ್ಚಿಕೊಂಡೆ. ಒಳಗಿನಿಂದ ಮಣೆ ತಂದು ಇಟ್ಟೆ, ಅದರ ಕಾಲುಗಳು ಕುಂಟುತ್ತಿದ್ದವು, ಅವಳು ವಾಕರ್ ತುದಿಯಿಂದ ಮುಟ್ಟಿದ್ದೇ ಮಗುಚಿಕೊಂಡಿತು. ಡಾಕ್ಟರು ಎತ್ತಿಕೊಳ್ಳುತ್ತೇನೆಂದು ಮುಂದೆ ಬಂದರು. "ಮುಟ್ಟಬೇಡಿ, ಹೊಲಿಗೆ ಬಿಟ್ಟೀತು," ಎಂದು ಚೀರಿದಳು. ಹೊತ್ತು ಹೋದಂತೆ ವಾಕರ್ ಮೇಲೆ ಭಾರ ಬಿಟ್ಟು ಬಾಗಿದಳು. ಎಂದೂ ಅಳದವಳ ಕಣ್ಣಲ್ಲಿ ನೀರು.

"ಅಕ್ಕ, ನಿಲ್ಲೋಕಾಗ್ತಿಲ್ಲ ನನಗೆ. ಟ್ಯಾಕ್ಸಿ ಕರಿ. ಈ ಮನೆ ನನ್ನನ್ನ ಒಳಗೆ ಬಿಡಲ್ಲ."

ಯಜಮಾನರು ಮುಂದೆ ಬಂದರು. ಕುಕ್ಕರಗಾಲಲ್ಲಿ ಕೂತು ಒಂದು ಸಂಪುಟವನ್ನು ಮೆಟ್ಟಿಲಿಗೆ ಒತ್ತಿ ನೆಲದ ಮೇಲೆ ಇಟ್ಟರು. ಅದರ ಪಕ್ಕದಲ್ಲಿ ಇನ್ನೊಂದು. ಅವುಗಳ ಮೇಲೆ ಮೂರನೆಯದು, ನಾಲ್ಕನೆಯದು. ಬಾಗಿ, ಒಂದು ಕಣ್ಣು ಮುಚ್ಚಿ, ಅಂಗಡಿಯ ತಕ್ಕಡಿ ನೋಡುತ್ತಿದ್ದ ಹಾಗೆಯೇ ನೋಡಿದರು. ನಾಲ್ಕೂ ಮೂಲೆಯನ್ನು ಅಂಗೈಯಿಂದ ಒತ್ತಿದರು.

"ಮಟ್ಟ ಇದೆ. ಕಾಲಿಡಮ್ಮ," ಎಂದರು.

ತಂಗಿ ಕೆಳಗೆ ನೋಡಿದಳು. "ಭಾವ, ಇದರ ಮೇಲಾ?"

"ಹ್ಞೂಂ, ಇಡು."

"ಇದು ಪುಸ್ತಕ ಅಲ್ವಾ ಭಾವ?"

"ಗಟ್ಟಿ ಬೈಂಡು. ಜರುಗಲ್ಲ."

ಬೈಂಡರಣ್ಣ ಅತ್ತ ಮುಖ ತಿರುಗಿಸಿಕೊಂಡಿದ್ದ. ಈ ಮಾತು ಕೇಳಿ ತಿರುಗಿದ. ಬಂದು ಮೊಣಕಾಲೂರಿ, ಸಂಪುಟಗಳನ್ನು ಎರಡೂ ಕಡೆಯಿಂದ ಬಿಗಿಯಾಗಿ ಹಿಡಿದುಕೊಂಡ. "ನಾನೇ ಕಟ್ಟಿದ್ದು ತಾಯಿ, ಹಿಡ್ಕೊಂಡಿದ್ದೀನಿ, ಇಡಿ," ಎಂದ. ಅವನ ಮೂಗು ಸೋರುತ್ತಿತ್ತು.

ತಂಗಿ ಒಂದು ಕೈಯನ್ನು ನನ್ನ ಹೆಗಲಿಗೆ, ಇನ್ನೊಂದನ್ನು ಯಜಮಾನರ ಹೆಗಲಿಗೆ ಕೊಟ್ಟು ಕಾಲಿಟ್ಟಳು. ರಟ್ಟು ಒಮ್ಮೆ ಕಿರ್ರೆಂದಿತು. ನಾನು ಯಜಮಾನರ ಮುಖ ನೋಡಿದೆ. ಅವರು ಪುಸ್ತಕ ನೋಡುತ್ತಿರಲಿಲ್ಲ, ಅವಳ ಪಾದವನ್ನೇ ನೋಡುತ್ತಿದ್ದರು, ಜಾರೀತೇ ಎಂದು. ಅವಳು ಇನ್ನೊಂದು ಕಾಲು ಎಳೆದುಕೊಂಡು, ಮೆಟ್ಟಿಲು ಹತ್ತಿ, ಒಳಗೆ ಹೋದಳು. ಮಂಚದ ಮೇಲೆ ಕೂತು, "ಗಾಳಿ ಚೆನ್ನಾಗಿ ಬರುತ್ತೆ ಕಣೆ," ಎಂದಳು.

ಈ ಪುಸ್ತಕಗಳ ಮೇಲೆ ಯಾರಾದರೂ ಕಾಲಿಡುವುದನ್ನು ನೋಡಬೇಕೆಂದು ನಾನು ಎಷ್ಟು ಸಲ ಹಲ್ಲು ಕಡಿದುಕೊಂಡು ಬಯಸಿದ್ದೆ! ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಭಾನುವಾರದವರು ಗಾಡಿ ತಳ್ಳಿಕೊಂಡು ಭವನದ ಕಡೆ ಹೋದರು. ತಂಗಿಗೆ ಗಂಜಿ ಕುಡಿಸಿ, ಮಾತ್ರೆ ನುಂಗಿಸಿ ಹೊರಗೆ ಬಂದೆ. ಯಜಮಾನರು ಮೆಟ್ಟಿಲ ಮೇಲೆ ಕೂತಿದ್ದರು. ಸಂಪುಟಗಳು ಅಲ್ಲೇ ಇದ್ದವು. ಮೇಲಿನದೊಂದರ ಬಟ್ಟೆಯ ಮೇಲೆ ಹಿಮ್ಮಡಿಯ ಗುರುತು.

"ಒಳಗೆ ತಗೊಂಡ್ಬನ್ನಿ ಅವನ್ನ," ಎಂದೆ. ಆ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. "ನಾಲ್ಕಲ್ವಾ. ಎಲ್ಲಾದ್ರೂ ಇಡೋಣ."

"ಬೇಡ," ಎಂದರು. "ನಾಳೆ ಬೆಳಿಗ್ಗೆ ಅವಳು ಆಸ್ಪತ್ರೆಗೆ ತೋರಿಸೋಕೆ ಹೋಗ್ಬೇಕಲ್ಲ. ಇಳೀಬೇಕಲ್ಲ."

"ಇಟ್ಟಿಗೆ ಹಾಕ್ಸಿದ್ರಾಯ್ತು."

"ಹಾಕ್ಸೋಣ. ಅಲ್ಲೀವರೆಗೆ ಇರ್ಲಿ."

ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು ನನಗೆ. ದಡದಡ ಒಳಗೆ ಹೋಗಿ, ಊಟದ ಮೇಜಿಗೆ ಹಾಸಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಕಿತ್ತು ತಂದೆ.

"ಇಬ್ಬನಿ ಬೀಳುತ್ತೆ," ಎಂದೆ. "ಆ ತುದಿ ಹಿಡ್ಕೊಳ್ಳಿ."

ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಡಿದುಕೊಂಡರು.